ಕೆರೆ ನೀರಿನ ಲೆಕ್ಕ ಇಡುವುದು ಹೇಗೆ? ಜಕ್ಕೂರು ಕೆರೆ ದಂಡೆಯಿಂದ ಒಂದಿಷ್ಟು ಮಾತು

ನಾನು ಕೆಲಸ ಮಾಡುವುದು ರಕ್ತ ಪರೀಕ್ಷೆಯ ಲ್ಯಾಬ್‌ನಲ್ಲಿ. ಟ್ಯೂಬಿನ ಮೇಲೆ ಹೆಸರು, ದಿನ, ಹೊತ್ತು ಬರೆದಿಲ್ಲ ಅಂದರೆ ಆ ಸ್ಯಾಂಪಲ್ಲನ್ನು ನಾವು ಮುಟ್ಟುವುದಿಲ್ಲ, ವಾಪಸ್ ಕಳಿಸುತ್ತೇವೆ. ಖಾಲಿ ಹೊಟ್ಟೆಯ ಸಕ್ಕರೆ ಬೇರೆ, ಊಟ ಆದ ಮೇಲಿನ ಸಕ್ಕರೆ ಬೇರೆ. ಯಾವಾಗ ತೆಗೆದದ್ದು ಅಂತ ಗೊತ್ತಿಲ್ಲದಿದ್ದರೆ ಆ ಅಂಕಿಯಿಂದ ಯಾರಿಗೂ ಉಪಯೋಗವಿಲ್ಲ. ಕೆರೆ ನೀರಿಗೂ ಇದೇ ನಿಯಮ.

ಏರಿ ಮೇಲೆ ಬಾಟಲಿ ಹಿಡಿದು ನಿಂತಿದ್ದರೆ ವಾಕಿಂಗ್ ಬಂದವರು ಕೇಳುವುದು ಒಂದೇ ಪ್ರಶ್ನೆ: "ನೀರು ಚೆನ್ನಾಗಿದೆಯಾ ಮೇಡಂ?" ಒಂದು ಬಾಟಲಿ ನೋಡಿ ಇದಕ್ಕೆ ಉತ್ತರ ಹೇಳೋಕೆ ಆಗುವುದಿಲ್ಲ. ಒಂದೇ ಜಾಗ, ಒಂದೇ ಹೊತ್ತು, ಒಂದೇ ರೀತಿ. ಹೀಗೆ ತಿಂಗಳುಗಟ್ಟಲೆ ಅಳೆದು ಬರೆದಿಟ್ಟರೆ ಮಾತ್ರ ಹೇಳಬಹುದು. ಹಾಗಾಗಿ ದುಬಾರಿ ಮೀಟರ್ ಕೊಳ್ಳುವ ಮುಂಚೆ ಗಟ್ಟಿ ರಟ್ಟಿನ ಒಂದು ನೋಟ್‌ಬುಕ್ ಮತ್ತು ಪೆನ್ಸಿಲ್ ಕೊಳ್ಳಿ. ಪೆನ್ನು ಬೇಡ, ನೀರು ತಾಗಿದರೆ ಅಕ್ಷರ ಕದಡುತ್ತದೆ.

ಮೊದಲು ಕೆರೆಯನ್ನು ಒಂದು ಸುತ್ತು ಹಾಕಿ

ನೀರು ಎಲ್ಲಿಂದ ಬರುತ್ತದೆ, ಎಲ್ಲಿಗೆ ಹೋಗುತ್ತದೆ ಅಂತ ತಿಳಿಯದೆ ಪರೀಕ್ಷೆ ಮಾಡಿ ಪ್ರಯೋಜನವಿಲ್ಲ. ಬೆಂಗಳೂರಿನ ಕೆರೆಗಳು ಒಂದಕ್ಕೊಂದು ಸೇರಿಕೊಂಡೇ ಇವೆ. ಮೇಲಿನ ಕೆರೆ ಕೋಡಿ ಬಿದ್ದರೆ ನೀರು ಕೆಳಗಿನ ಕೆರೆಗೆ. ನಮ್ಮ ಜಕ್ಕೂರು ಕೆರೆಗೆ ಮೇಲೆ ಯಲಹಂಕ, ಅಳ್ಳಾಳಸಂದ್ರ ಕಡೆಯಿಂದ ನೀರು ಬರುತ್ತದೆ. ಇಲ್ಲಿ ತುಂಬಿದ್ದು ರಾಚೇನಹಳ್ಳಿ ಕೆರೆಗೆ ಹೋಗುತ್ತದೆ. ಅಂದರೆ ಮೇಲಿನವರು ಮಾಡಿದ್ದು ನಮಗೆ, ನಾವು ಮಾಡಿದ್ದು ರಾಚೇನಹಳ್ಳಿಯವರಿಗೆ.

ಸುಮಾರು 160 ಎಕರೆಯ ಈ ಕೆರೆಗೆ ಇನ್ನೊಂದು ವಿಶೇಷವಿದೆ. ಮೇಲ್ಗಡೆ ಕೊಳಚೆ ನೀರು ಸಂಸ್ಕರಿಸುವ ಘಟಕವಿದೆ. ದಿನಕ್ಕೆ 1 ಕೋಟಿ ಲೀಟರ್ ಸಾಮರ್ಥ್ಯದಿಂದ ಶುರುವಾದ ಘಟಕ ಅದು. ಅಲ್ಲಿಂದ ಹೊರಬಂದ ನೀರು ನೇರ ಕೆರೆಗೆ ಬೀಳುವುದಿಲ್ಲ. ಜೊಂಡು ಬೆಳೆದ ಜೌಗಿನಲ್ಲಿ ನಿಧಾನಕ್ಕೆ ಹರಿದು ಬರುತ್ತದೆ. ಘಟಕದಲ್ಲಿ ಉಳಿದುಹೋದ ಸಾರಜನಕ, ರಂಜಕಗಳಲ್ಲಿ ಒಂದಿಷ್ಟನ್ನು ಆ ಗಿಡಗಳೂ, ಬೇರಿಗೆ ಅಂಟಿಕೊಂಡ ಸೂಕ್ಷ್ಮಜೀವಿಗಳೂ ಹೀರಿಕೊಳ್ಳುತ್ತವೆ. ಬೇಸಿಗೆಯಲ್ಲೂ ಜಕ್ಕೂರು ಕೆರೆಯಲ್ಲಿ ನೀರಿರುವುದು ಈ ಏರ್ಪಾಡಿನಿಂದಲೇ. ಘಟಕದ ನೀರು, ಜೌಗು ದಾಟಿದ ನೀರು, ಎರಡನ್ನೂ ಅಕ್ಕಪಕ್ಕ ಇಟ್ಟು ಅಳೆದರೆ ಜೌಗು ಕೆಲಸ ಮಾಡುತ್ತಿದೆಯೋ ಇಲ್ಲವೋ ನಿಮಗೇ ಗೊತ್ತಾಗುತ್ತದೆ.

ನಿಮ್ಮ ಕೆರೆ ಯಾವುದೇ ಇರಲಿ, ಒಂದು ಕಾಗದದ ಮೇಲೆ ಕೈಯಲ್ಲೇ ನಕ್ಷೆ ಬರೆಯಿರಿ. ಏರಿ, ಕೋಡಿ, ತೂಬು, ರಾಜಕಾಲುವೆ ಬಂದು ಸೇರುವ ಜಾಗ, ಪೈಪುಗಳು, ದನ ನೀರು ಕುಡಿಯುವ ಜಾಗ, ಮೂರ್ತಿ ಬಿಡುವ ಕಲ್ಯಾಣಿ, ಎಲ್ಲ ಗುರುತು ಹಾಕಿ. ಈ ಸುತ್ತನ್ನು ಫೆಬ್ರವರಿಯಲ್ಲಿ ಹಾಕುವುದು ಒಳ್ಳೆಯದು. ಯಾಕೆ ಅಂದರೆ ಆಗ ಮಳೆ ಇರುವುದಿಲ್ಲ. ಮಳೆ ಇಲ್ಲದ ತಿಂಗಳಲ್ಲಿ ಕಾಲುವೆಯಲ್ಲಿ ನೀರು ಹರಿಯುತ್ತಿದ್ದರೆ ಅದು ಮಳೆ ನೀರಂತೂ ಅಲ್ಲ. ಘಟಕದಿಂದ ಬಿಟ್ಟದ್ದು, ಇಲ್ಲವೇ ಯಾವುದೋ ಮನೆ, ಅಪಾರ್ಟ್‌ಮೆಂಟ್, ಅಂಗಡಿಯ ಕೊಳಚೆ. ಯಾವ ಪರೀಕ್ಷೆಯೂ ಇಲ್ಲದೆ ಕಣ್ಣಿಂದಲೇ ಸಿಗುವ ಮಾಹಿತಿ ಇದು. ಮಳೆಗಾಲದಲ್ಲಿ ಹೋದರೆ ಎಲ್ಲ ಕಲಸಿಹೋಗಿ ಏನೂ ಗೊತ್ತಾಗುವುದಿಲ್ಲ.

ನಕ್ಷೆ ಆದ ಮೇಲೆ ನಾಲ್ಕು ಜಾಗ ಆರಿಸಿಕೊಳ್ಳಿ. ನೀರು ಒಳಬರುವ ಜಾಗ, ಜೌಗು ಇದ್ದರೆ ಅದು ಮುಗಿಯುವ ಜಾಗ, ಆಳ ಇರುವ ಕಡೆ, ಮತ್ತು ಕೋಡಿ. ಪ್ರತಿ ಜಾಗಕ್ಕೂ ಒಂದು ಗುರುತು ಇರಲಿ. ಕಲ್ಲೋ, ಮೆಟ್ಟಿಲೋ, ಮರವೋ, ಏನಾದರೂ. "ಕೋಡಿ ಹತ್ತಿರ" ಅಂತ ಬರೆದರೆ ಸಾಲದು. "ಕೋಡಿ ಗೋಡೆಯ ಎಡಗಡೆ ಮೂಲೆ, ಮೂರನೇ ಮೆಟ್ಟಿಲು" ಅಂತ ಬರೆಯಬೇಕು. ನಾಳೆ ನಿಮ್ಮ ಬದಲು ಇನ್ನೊಬ್ಬರು ಬಂದರೂ ಅದೇ ಮೆಟ್ಟಿಲ ಮೇಲೆ ನಿಲ್ಲಬೇಕು. ಆಳದ ಕಡೆಗೆ ಹೋಗಲು ಮೀನುಗಾರರ ತೆಪ್ಪ ಬೇಕಾಗುತ್ತದೆ. ಅವರನ್ನು ಕೇಳಿಕೊಳ್ಳಿ, ಅವರ ಕೆಲಸದ ಹೊತ್ತು ಬಿಟ್ಟು ಹೋಗಿ. ಕೆರೆ ನೋಡಿಕೊಳ್ಳುವ ಇಲಾಖೆಗೂ ಒಂದು ಪತ್ರ ಕೊಟ್ಟಿರಿ: ಇಂಥ ಗುಂಪಿನವರು, ಇಂಥ ದಿನ ನೀರು ತೆಗೆಯುತ್ತೇವೆ ಅಂತ. ಕಾವಲುಗಾರರು ತಡೆದಾಗ ಅದರ ಪ್ರತಿ ತೋರಿಸಿದರೆ ಸಾಕು.

ಹೊತ್ತಿನ ವಿಷಯ

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಎಲ್ಲರೂ ಎಡವುವುದು ಇಲ್ಲೇ.

ಮೀನು ಉಸಿರಾಡುವುದು ನೀರಿನಲ್ಲಿ ಕರಗಿದ ಆಮ್ಲಜನಕವನ್ನು. ನಮ್ಮ ಬೆಂಗಳೂರಿನ ಎತ್ತರದಲ್ಲಿ, 25 ಡಿಗ್ರಿ ಬಿಸಿ ಇರುವ ನೀರು ಗಾಳಿಯಿಂದ ಹಿಡಿದಿಟ್ಟುಕೊಳ್ಳುವುದು ಲೀಟರಿಗೆ ಸುಮಾರು 7.5 ಮಿಲಿಗ್ರಾಂ. ನೀರು ಬಿಸಿಯಾದಷ್ಟೂ ಇದು ಕಡಿಮೆ. ಈಗ ಹಸಿರು ಪಾಚಿ ತುಂಬಿದ ಕೆರೆಗೆ ಮಧ್ಯಾಹ್ನ 3 ಗಂಟೆಗೆ ಹೋಗಿ ಅಳೆಯಿರಿ. 12 ಬರಬಹುದು, ಇನ್ನೂ ಜಾಸ್ತಿ ಬರಬಹುದು. ಅಬ್ಬಾ, ಎಷ್ಟು ಒಳ್ಳೆ ನೀರು ಅನ್ನಿಸುತ್ತದೆ, ಅಲ್ವಾ? ಅಲ್ಲ. ಬಿಸಿಲಿಗೆ ಪಾಚಿ ಆಮ್ಲಜನಕ ಬಿಡುತ್ತಿದೆ, ಅಷ್ಟೇ. ಕತ್ತಲಾದ ಮೇಲೆ ಅದೇ ಪಾಚಿ ಆಮ್ಲಜನಕ ಬಳಸಲು ಶುರು ಮಾಡುತ್ತದೆ. ತಳದ ಹೂಳಿನಲ್ಲಿ ಕೊಳೆಯುತ್ತಿರುವುದೂ ಬಳಸುತ್ತದೆ. ರಾತ್ರಿಯಿಡೀ ಇಳಿದು ಇಳಿದು ಸೂರ್ಯ ಹುಟ್ಟುವ ಮುಂಚೆ ಒಂದೋ ಎರಡೋ ಉಳಿದಿರುತ್ತದೆ. ಮೀನು ಸಾಯುವುದು ಆ ಹೊತ್ತಿಗೆ.

ಅದಕ್ಕೇ ನಾನು ಹೇಳುವುದು: ತಿಂಗಳಿಗೆ ಒಮ್ಮೆಯಾದರೂ ಬೆಳಗಿನ ಜಾವ ಅಳೆಯಿರಿ, ಬೆಳಕು ಹರಿಯುವ ಹೊತ್ತಿಗೆ ಮೊದಲ ಬಾಟಲಿ ತುಂಬಿರಬೇಕು. ಆಗುವುದಾದರೆ ಅದೇ ದಿನ ಮಧ್ಯಾಹ್ನ ಮತ್ತೊಮ್ಮೆ. ಎರಡರ ನಡುವಿನ ಅಂತರವೇ ಕೆರೆಯ ನಿಜವಾದ ಸ್ಥಿತಿ ಹೇಳುತ್ತದೆ. ಬೆಳಿಗ್ಗೆ 5, ಮಧ್ಯಾಹ್ನ 7 ಇದ್ದರೆ ಕೆರೆ ನೆಮ್ಮದಿಯಾಗಿದೆ. ಬೆಳಿಗ್ಗೆ 1, ಮಧ್ಯಾಹ್ನ 14 ಇದ್ದರೆ ಕೆರೆಗೆ ಗೊಬ್ಬರ, ಅಂದರೆ ಪಾಚಿ ಬೆಳೆಸುವ ಸಾರಜನಕ, ರಂಜಕ, ಜಾಸ್ತಿಯಾಗಿದೆ ಅಂತ ಅರ್ಥ. ಬರೀ ಮಧ್ಯಾಹ್ನದ ಅಂಕಿ ಇಟ್ಟುಕೊಂಡವರಿಗೆ ಇದು ತಿಳಿಯುವುದೇ ಇಲ್ಲ.

ಕಣ್ಣು, ಮೂಗು, ಮತ್ತು ಮೀನುಗಾರರು

ಮೀಟರ್ ತೆಗೆಯುವ ಮುಂಚೆ ಸುಮ್ನೆ ಐದು ನಿಮಿಷ ನಿಂತು ನೋಡಿ, ಬರೆಯಿರಿ. ಆಕಾಶ ಹೇಗಿದೆ, ಹಿಂದಿನ ದಿನ ಮಳೆ ಬಂದಿತ್ತಾ, ಗಾಳಿ ಯಾವ ಕಡೆಗೆ. ನೀರಿನ ಮಟ್ಟ ತೂಬಿನ ಯಾವ ಕಲ್ಲಿಗೆ ಬಂದಿದೆ. ಬಣ್ಣ. ವಾಸನೆ. ಕೊಳೆತ ಮೊಟ್ಟೆ ವಾಸನೆ ಬಂದರೆ ತಳದಲ್ಲಿ ಆಮ್ಲಜನಕ ಮುಗಿದಿದೆ. ನೊರೆ ಇದ್ದರೆ ಸೋಪಿನ ಪುಡಿಯ ಗುಮಾನಿ. ನೀರನ್ನು ಮುಕ್ಕಾಲು ಬಾಟಲಿ ತುಂಬಿ ಜೋರಾಗಿ ಕುಲುಕಿ ಇಡಿ. ನೊರೆ ಬೇಗ ಒಡೆದುಹೋಗದೆ ನಿಮಿಷಗಟ್ಟಲೆ ನಿಂತರೆ ಗುಮಾನಿ ಗಟ್ಟಿಯಾಗುತ್ತದೆ. ಬೆಳ್ಳಂದೂರು, ವರ್ತೂರಿನ ಕೋಡಿಗಳಲ್ಲಿ ರಸ್ತೆಗೆ ಹಾರಿಬರುತ್ತಿದ್ದ ನೊರೆಯನ್ನು ಬೆಂಗಳೂರಿನವರು ಯಾರೂ ಮರೆತಿಲ್ಲ. ಅಷ್ಟು ದೊಡ್ಡದಾಗುವ ಮುಂಚೆ ಅದು ಯಾವುದೋ ಕಾಲುವೆಯ ಮೂಲೆಯಲ್ಲಿ ಬೊಗಸೆಯಷ್ಟೇ ಇರುತ್ತದೆ.

ಪಾಚಿಯಲ್ಲಿ ಒಂದನ್ನು ಬೇರೆ ಮಾಡಿ ಗುರುತಿಸಲು ಕಲಿಯಿರಿ. ಕೋಲಿನಿಂದ ಎತ್ತಿದರೆ ದಾರ ದಾರವಾಗಿ ಬರುವುದು ಸಾಮಾನ್ಯ ಪಾಚಿ. ಕೋಲಿಗೆ ಬರೀ ಹಸಿರು ಬಣ್ಣ ಮೆತ್ತಿಕೊಂಡು ಏನೂ ಮೇಲೆ ಬರದಿದ್ದರೆ ಅದು ನೀಲಿ-ಹಸಿರು ಪಾಚಿ ಇರಬಹುದು. ಗಾಜಿನ ಬಾಟಲಿಯಲ್ಲಿ ತುಂಬಿ ಒಂದು ರಾತ್ರಿ ಅಲುಗಾಡಿಸದೆ ಇಡಿ. ಹಸಿರೆಲ್ಲ ಮೇಲೆ ಬಂದು ಪದರ ಕಟ್ಟಿದರೆ ಅನುಮಾನ ಗಟ್ಟಿ. ಇದರಲ್ಲಿ ಕೆಲವು ಜಾತಿ ವಿಷ ಬಿಡುತ್ತವೆ. ದನ, ನಾಯಿ ಆ ನೀರು ಕುಡಿಯದ ಹಾಗೆ ನೋಡಿಕೊಳ್ಳಿ, ಸುತ್ತ ಇರುವವರಿಗೂ ಹೇಳಿ.

ದಡದ ಕೆಸರನ್ನು ಒಂದು ಬಿಳಿ ತಟ್ಟೆಗೆ ಹಾಕಿ, ಸ್ವಲ್ಪ ನೀರು ಬಿಟ್ಟು ನೋಡಿ. ಮಕ್ಕಳು ಜೊತೆಗಿದ್ದರೆ ಈ ಕೆಲಸ ಅವರಿಗೇ ಬಿಡಿ, ಅವರ ಕಣ್ಣಿಗೆ ನಮಗಿಂತ ಜಾಸ್ತಿ ಕಾಣುತ್ತದೆ. ಏರೋಪ್ಲೇನ್ ಚಿಟ್ಟೆಯ ಮರಿಗಳು, ಬಸವನ ಹುಳು, ನೀರುಜೀರುಂಡೆ ಹೀಗೆ ನಾಲ್ಕಾರು ಬಗೆ ಸಿಕ್ಕರೆ ಒಳ್ಳೆಯದು. ಬರೀ ರಕ್ತಗೆಂಪು ಬಣ್ಣದ ಸಣ್ಣ ಹುಳುಗಳೇ ತುಂಬಿದ್ದರೆ ಅಲ್ಲಿ ಆಮ್ಲಜನಕ ಕಡಿಮೆ. ಆ ಹುಳುವಿನ ಮೈಯಲ್ಲಿ ನಮ್ಮ ರಕ್ತದಲ್ಲಿರುವ ಹಿಮೋಗ್ಲೋಬಿನ್ ಜಾತಿಯದೇ ವಸ್ತು ಇದೆ. ಇರುವ ಚೂರುಪಾರು ಆಮ್ಲಜನಕವನ್ನೂ ಹಿಡಿದುಕೊಳ್ಳುತ್ತದೆ. ಅದಕ್ಕೇ ಆ ಕೆಂಪು, ಅದಕ್ಕೇ ಬೇರೆಯವು ಸತ್ತ ಕಡೆಯೂ ಅದು ಬದುಕುವುದು.

ಹಕ್ಕಿಗಳನ್ನೂ ಬರೆಯಿರಿ. ಹೆಜ್ಜಾರ್ಲೆ, ನೀರುಕಾಗೆ, ಮಿಂಚುಳ್ಳಿ ಬಂದವು ಅಂದರೆ ಮೀನಿದೆ. ಆದರೆ ಹಕ್ಕಿ ಇದೆ ಅಂದ ಮಾತ್ರಕ್ಕೆ ನೀರು ಚೆನ್ನಾಗಿದೆ ಅಂತ ತೀರ್ಮಾನ ಬೇಡ. ಬೆಳ್ಳಕ್ಕಿ ಚರಂಡಿಯಲ್ಲೂ ನಿಲ್ಲುತ್ತದೆ.

ಎಲ್ಲಕ್ಕಿಂತ ಮುಂಚೆ ಸುದ್ದಿ ಸಿಗುವುದು ಮೀನುಗಾರರಿಂದ. ಹಿಂದೆ ಊರಿಗೊಬ್ಬ ನೀರುಗಂಟಿ ಇರುತ್ತಿದ್ದ. ತೂಬು ಎತ್ತುವುದು, ಗದ್ದೆಗಳಿಗೆ ಸರದಿಯಲ್ಲಿ ನೀರು ಬಿಡುವುದು, ಏರಿ ಸೋರುತ್ತಿದೆಯಾ ನೋಡುವುದು ಅವನ ಕೆಲಸ. ಈಗ ನಗರದ ಕೆರೆಗಳಲ್ಲಿ ದಿನವೂ ನೀರು ನೋಡುವವರು ಅಂದರೆ ಬಲೆ ಹಾಕುವವರೇ. "ಅಕ್ಕಾ, ಮೀನೆಲ್ಲ ಮೇಲೆ ಬಂದು ಬಾಯಿ ಬಡೀತಾ ಇದಾವೆ, ಬಂದು ನೋಡಿ" ಅಂತ ಒಂದು ಫೋನ್ ಬಂದರೆ ನಾನು ಮೀಟರ್ ಹುಡುಕುತ್ತಾ ಕೂರುವುದಿಲ್ಲ, ಓಡುತ್ತೇನೆ. ಅವರ ನಂಬರ್ ನಿಮ್ಮ ಹತ್ತಿರ, ನಿಮ್ಮ ನಂಬರ್ ಅವರ ಹತ್ತಿರ ಇರಲಿ.

ಅಳೆಯುವ ಸಾಮಾನು

ನೀರು ಎಷ್ಟು ತಿಳಿಯಾಗಿದೆ ಅಂತ ಅಳೆಯುವ ಸೆಕ್ಕಿ ತಟ್ಟೆಯನ್ನು ಮನೆಯಲ್ಲೇ ಮಾಡಬಹುದು. ಆಂಜೆಲೋ ಸೆಕ್ಕಿ ಅನ್ನುವ ಇಟಲಿಯ ಪಾದ್ರಿ 1865ರಲ್ಲಿ ಇಂಥ ತಟ್ಟೆಯನ್ನು ಸಮುದ್ರಕ್ಕೆ ಇಳಿಬಿಟ್ಟು ನೋಡಿದರು. ಈಗಲೂ ಅದೇ ವಿಧಾನ. 20 ಸೆಂಟಿಮೀಟರ್ ಅಗಲದ ತಗಡು ಅಥವಾ ದಪ್ಪ ಪ್ಲಾಸ್ಟಿಕ್ ತಟ್ಟೆ ತೆಗೆದುಕೊಳ್ಳಿ. ನಾಲ್ಕು ಭಾಗ ಮಾಡಿ, ಒಂದು ಬಿಟ್ಟು ಒಂದು ಕಪ್ಪು, ಬಿಳಿ ಬಣ್ಣ ಹಚ್ಚಿ. ನಡುವೆ ತೂತು, ಕೆಳಗೆ ಭಾರಕ್ಕೆ ನಟ್ಟು ಬೋಲ್ಟು, ಮೇಲೆ ಹಿಗ್ಗದ ಹಗ್ಗ. ಹಗ್ಗಕ್ಕೆ 10 ಸೆಂಟಿಮೀಟರಿಗೊಂದು ಗುರುತು. ತೆಪ್ಪದ ನೆರಳಿರುವ ಕಡೆ ಇಳಿಬಿಡಿ. ತಟ್ಟೆ ಕಾಣದಾದಾಗ ಒಂದು ಅಳತೆ, ಮತ್ತೆ ಎತ್ತುವಾಗ ಕಂಡಾಗ ಒಂದು ಅಳತೆ, ಎರಡರ ಸರಾಸರಿ ಬರೆಯಿರಿ. ಕೂಲಿಂಗ್ ಗ್ಲಾಸ್ ಹಾಕಿಕೊಂಡು ನೋಡಬೇಡಿ. ಇದಕ್ಕೆ ಮಾತ್ರ ಬೆಳಗಿನ ಜಾವ ಆಗುವುದಿಲ್ಲ, ಬಿಸಿಲು ಬೇಕು, 10ರಿಂದ 3ರೊಳಗೆ. 50 ಸೆಂಟಿಮೀಟರಿಗಿಂತ ಕಡಿಮೆಗೇ ತಟ್ಟೆ ಮಾಯವಾದರೆ, ಅದು ಮಳೆಯ ಕೆಮ್ಮಣ್ಣಿನಿಂದಲ್ಲ ಪಾಚಿಯಿಂದ ಅಂತಾದರೆ, ಕೆರೆಗೆ ಪೋಷಕಾಂಶ ವಿಪರೀತ ಸೇರಿದೆ.

ಥರ್ಮಾಮೀಟರ್ ಬೇಕು. ಅಂಗಡಿಗಳಲ್ಲಿ ಟಿಡಿಎಸ್ ಪೆನ್ ಅಂತ ಸಿಗುತ್ತದಲ್ಲ, ಅದೂ ಬೇಕು. ಅದು ನಿಜವಾಗಿ ಅಳೆಯುವುದು ನೀರಿನ ವಿದ್ಯುತ್ ವಾಹಕತೆಯನ್ನು, ಆಮೇಲೆ ಒಂದು ಅಂಶದಿಂದ ಗುಣಿಸಿ ಟಿಡಿಎಸ್ (ನೀರಲ್ಲಿ ಕರಗಿದ ಲವಣ ಇತ್ಯಾದಿಗಳ ಮೊತ್ತ) ಅಂತ ತೋರಿಸುತ್ತದೆ. ಆ ಅಂಶ ಒಂದೊಂದು ಕಂಪನಿಗೆ ಒಂದೊಂದು ಥರ. ಹಾಗಾಗಿ ವಾಹಕತೆಯನ್ನೇ ತೋರಿಸುವ ಪೆನ್ ಕೊಳ್ಳಿ, ಅದನ್ನೇ ಬರೆಯಿರಿ. ಇದರ ದೊಡ್ಡ ಉಪಯೋಗ ಏನೆಂದರೆ, ಹೊಸ ಕೊಳಚೆ ಎಲ್ಲಿಂದ ಸೇರುತ್ತಿದೆ ಅಂತ ಹುಡುಕಬಹುದು. ಕಾಲುವೆಯ ದಂಡೆಯಲ್ಲಿ ಅಲ್ಲಲ್ಲಿ ನಿಂತು ಅಳೆಯುತ್ತಾ ಮೇಲಕ್ಕೆ ಹೋಗಿ. ಒಂದು ಕಡೆ ಅಂಕಿ ದಿಢೀರ್ ಬದಲಾಗುತ್ತದೆ. ಅಲ್ಲಿ ನಿಂತು ಸುತ್ತ ನೋಡಿದರೆ ಪೈಪು ಸಿಗುತ್ತದೆ.

ಪಿಎಚ್‌ಗೆ, ಅಂದರೆ ನೀರು ಆಮ್ಲವೋ ಕ್ಷಾರವೋ ಅಂತ ಹೇಳುವ ಅಂಕಿಗೆ, ಬಣ್ಣ ಬದಲಿಸುವ ಕಾಗದದ ಪಟ್ಟಿ ಸಾಕು, ಮೀಟರ್ ಇದ್ದರೆ ಇನ್ನೂ ಒಳ್ಳೆಯದು. ಆದರೆ ಮೀಟರನ್ನು ಪ್ರತಿ ಸಲ ಪಿಎಚ್ ಮೊದಲೇ ಗೊತ್ತಿರುವ ಬಫರ್ ದ್ರಾವಣದಲ್ಲಿ ಅದ್ದಿ ಸರಿಮಾಡಿಕೊಳ್ಳದೆ ಬಳಸಬಾರದು. ಸರಿಮಾಡಿದ್ದನ್ನೂ ನೋಟ್‌ಬುಕ್ಕಿನಲ್ಲಿ ಬರೆಯಿರಿ. ನನ್ನ ಕೆಲಸದ ಜಾಗದ ಅಭ್ಯಾಸ ಇದು, ಬಿಡುವುದಿಲ್ಲ.

ಇನ್ನು ಆಮ್ಲಜನಕ. ಅದನ್ನು ಅಳೆಯುವ ಡಿಒ (ಕರಗಿದ ಆಮ್ಲಜನಕ) ಮೀಟರ್ ದುಬಾರಿ. ನನಗೆ ಇಷ್ಟ 1888ರ ವಿಂಕ್ಲರ್ ವಿಧಾನ. ಯಾಕೆ ಅಂದರೆ ಉತ್ತರ ಕಣ್ಣೆದುರೇ ಬಣ್ಣವಾಗಿ ಬರುತ್ತದೆ. ಗಾಜಿನ ಮುಚ್ಚಳದ 300 ಮಿಲಿ ಬಾಟಲಿಯನ್ನು ಕೆರೆ ನೀರಿನಲ್ಲೇ ಮೂರು ಸಲ ತೊಳೆಯಿರಿ. ಮೇಲ್ಮೈಯಿಂದ ಒಂದು ಅಡಿ ಕೆಳಗೆ ಮುಳುಗಿಸಿ ನಿಧಾನಕ್ಕೆ ತುಂಬಿಸಿ. ಗುಳುಗುಳು ಅಂತ ಗಾಳಿ ಸೇರಬಾರದು. ಒಳಗೆ ಒಂದು ಗುಳ್ಳೆ ಉಳಿದರೂ ಚೆಲ್ಲಿ ಮತ್ತೆ ತುಂಬಿ. ಈಗ ದಡದಲ್ಲೇ ಕೂತು ಮ್ಯಾಂಗನೀಸ್ ಸಲ್ಫೇಟ್ 2 ಮಿಲಿ, ಕ್ಷಾರ-ಅಯೋಡೈಡ್-ಅಜೈಡ್ 2 ಮಿಲಿ, ಎರಡನ್ನೂ ಪಿಪೆಟ್ಟಿನ ತುದಿ ನೀರೊಳಗೆ ಇಟ್ಟು ಬಿಡಿ. ಮುಚ್ಚಿ ಮೇಲೆ ಕೆಳಗೆ ತಿರುಗಿಸಿ. ಮೋಡ ಕಟ್ಟಿದಂತೆ ಒಂದು ಗಸಿ ಮೂಡುತ್ತದೆ. ಅದು ಕಂದು ಬಣ್ಣ ಇದ್ದರೆ ಆಮ್ಲಜನಕ ಇದೆ. ಬೆಳ್ಳಗೆ ಉಳಿದರೆ ಇಲ್ಲ. ಬೆಳಗಿನ ಜಾವ ಕೊಳಚೆ ಕಾಲುವೆಯ ಬಾಯಲ್ಲಿ ತುಂಬಿದ ಬಾಟಲಿಯಲ್ಲಿ ಆ ಬಿಳಿ ಗಸಿ ನಿಧಾನಕ್ಕೆ ತಳಕ್ಕೆ ಇಳಿಯುವುದನ್ನು ನೋಡಿದರೆ ಹೊಟ್ಟೆಯಲ್ಲಿ ಸಂಕಟವಾಗುತ್ತದೆ. ಪಕ್ಕದಲ್ಲಿ ನಿಂತವರಿಗೆ ಬೇರೆ ವಿವರಣೆ ಬೇಕಾಗುವುದಿಲ್ಲ.

ಗಸಿ ಅರ್ಧಕ್ಕೆ ಇಳಿದ ಮೇಲೆ ಗಾಢ ಸಲ್ಫ್ಯೂರಿಕ್ ಆಮ್ಲ 2 ಮಿಲಿ ಹಾಕಿ ತಿರುಗಿಸಿದರೆ ಎಲ್ಲ ಕರಗಿ ಹಳದಿ ಆಗುತ್ತದೆ. ಆಮ್ಲಜನಕ ಅಲ್ಲಿಗೆ ಕಟ್ಟುಬಿದ್ದ ಹಾಗೆ. ಉಳಿದ ಕೆಲಸವನ್ನು ಆರಾಮಾಗಿ ಟೇಬಲ್ ಮುಂದೆ ಕೂತು ಮಾಡಬಹುದು. 200 ಮಿಲಿ ತೆಗೆದು, 0.025 ನಾರ್ಮಲ್ ಸೋಡಿಯಂ ಥಯೋಸಲ್ಫೇಟನ್ನು ಬ್ಯುರೆಟ್ಟಿನಿಂದ ಹನಿ ಹನಿ ಬಿಡಿ. ಹಳದಿ ತಿಳಿಯಾದಾಗ ಗಂಜಿ ದ್ರಾವಣ ಹಾಕಿ, ನೀಲಿ ಆಗುತ್ತದೆ. ಆ ನೀಲಿ ಮಾಯವಾಗುವ ಹನಿಗೆ ನಿಲ್ಲಿಸಿ. ಎಷ್ಟು ಮಿಲಿ ಖರ್ಚಾಯಿತೋ ಲೀಟರಿಗೆ ಅಷ್ಟೇ ಮಿಲಿಗ್ರಾಂ ಆಮ್ಲಜನಕ. ಲೆಕ್ಕಾಚಾರವೇ ಬೇಡ.

ಒಂದು ಎಚ್ಚರಿಕೆ. ಅಜೈಡ್ ವಿಷ, ಆಮ್ಲ ಚರ್ಮ ಸುಡುತ್ತದೆ. ಕೈಗವಸು, ಕನ್ನಡಕ ಬೇಕೇ ಬೇಕು, ಮಕ್ಕಳ ಕೈಗೆ ಕೊಡಬಾರದು. ಪರೀಕ್ಷೆ ಮುಗಿದ ನೀರನ್ನು ಕೆರೆಗೂ, ಚರಂಡಿಗೂ ಚೆಲ್ಲಬೇಡಿ. ಒಂದು ಕ್ಯಾನಿನಲ್ಲಿ ಕೂಡಿಟ್ಟು, ಹತ್ತಿರದ ಕಾಲೇಜಿನ ರಸಾಯನಶಾಸ್ತ್ರ ವಿಭಾಗದವರು ಒಪ್ಪಿದರೆ ಅವರಿಗೆ ಕೊಡಿ. ಅವರ ಲ್ಯಾಬ್‌ನಲ್ಲೇ ಟೈಟ್ರೇಶನ್ (ಹನಿ ಹನಿ ಬಿಟ್ಟು ಅಳೆಯುವ ಕೆಲಸ) ಮಾಡುವಂತಾದರೆ ಇನ್ನೂ ಒಳ್ಳೆಯದು, ವಿದ್ಯಾರ್ಥಿಗಳೂ ಜೊತೆಗೆ ಬರುತ್ತಾರೆ.

ಅಮೋನಿಯಾ, ಫಾಸ್ಫೇಟ್‌ಗೆ ಅಕ್ವೇರಿಯಂ ಅಂಗಡಿಗಳಲ್ಲಿ ಸಿಗುವ ಹನಿ ಹಾಕುವ ಕಿಟ್ ಸಾಕು. ಕೊನೆಯ ದಶಾಂಶದವರೆಗೆ ಸರಿ ಇರುವುದಿಲ್ಲ. ಆದರೆ ಏರಿತಾ ಇಳಿಯಿತಾ ಅಂತ ತಿಳಿಯಲು ಅಷ್ಟು ನಿಖರತೆ ಬೇಕಾಗಿಲ್ಲ.

ನಿಮ್ಮ ಸುರಕ್ಷತೆಯ ಬಗ್ಗೆಯೂ ಹೇಳಿಬಿಡುತ್ತೇನೆ. ಒಬ್ಬರೇ ಹೋಗಬೇಡಿ. ನೀರಿಗೆ ಇಳಿಯಬೇಡಿ, ಹೂಳಿನಲ್ಲಿ ಕಾಲು ಹೂತರೆ ಈಜು ಬಂದವರೂ ಮೇಲೆ ಬರುವುದು ಕಷ್ಟ. ತೆಪ್ಪದಲ್ಲಿ ಲೈಫ್ ಜಾಕೆಟ್ ಹಾಕಿಕೊಳ್ಳಿ. ಕೈಕಾಲಲ್ಲಿ ಗಾಯವಿದ್ದರೆ ಆ ದಿನ ಬರೀ ಬರೆಯುವ ಕೆಲಸ ಮಾಡಿ. ಇಂಥ ನೀರಿನಿಂದ ಇಲಿ ಜ್ವರ ಬರಬಹುದು.

ಅಂಕಿ ಬಂತು, ಅದಕ್ಕೆ ಅರ್ಥ ಏನು?

ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ ನೀರನ್ನು ಎ ಇಂದ ಇ ತನಕ ಐದು ದರ್ಜೆ ಮಾಡಿದೆ. ಎ ಅಂದರೆ ಸೋಂಕು ನಿವಾರಿಸಿದರೆ ಸಾಕು, ಕುಡಿಯಬಹುದು. ಬಿ ಸ್ನಾನಕ್ಕೆ. ಸಿ ಪೂರ್ತಿ ಶುದ್ಧೀಕರಿಸಿ ಕುಡಿಯಲು. ಡಿ ಮೀನು, ಕಾಡುಜೀವಿಗಳಿಗೆ. ಇ ನೀರಾವರಿಗೆ. ನಗರದ ಕೆರೆಗೆ ನಾವು ಇಟ್ಟುಕೊಳ್ಳಬೇಕಾದ ಮೊದಲ ಗುರಿ ಡಿ ಅಂತ ನನ್ನ ಅಭಿಪ್ರಾಯ. ಅದಕ್ಕೆ ಬೇಕಾದದ್ದು ಮೂರು: ಆಮ್ಲಜನಕ ಲೀಟರಿಗೆ 4 ಮಿಲಿಗ್ರಾಂ ಅಥವಾ ಜಾಸ್ತಿ, ಪಿಎಚ್ 6.5ರಿಂದ 8.5, ಮುಕ್ತ ಅಮೋನಿಯಾ 1.2 ಅಥವಾ ಕಡಿಮೆ. ಇ ದರ್ಜೆಗೆ ವಾಹಕತೆ ಸೆಂಟಿಮೀಟರಿಗೆ 2250 ಮೈಕ್ರೋಮೋ (ಪೆನ್ ತೋರಿಸುವ ಮೈಕ್ರೋಸೀಮೆನ್ಸ್ ಅಂದರೂ ಅದೇ) ದಾಟಬಾರದು. ರಾಜ್ಯದ ಮಂಡಳಿಯೂ ಕೆರೆಗಳನ್ನು ಪರೀಕ್ಷಿಸಿ ದರ್ಜೆ ಪ್ರಕಟಿಸುತ್ತದೆ. ಬೆಂಗಳೂರಿನ ಬಹುಪಾಲು ಕೆರೆಗಳು ಬರುವುದು ಡಿ, ಇ ದರ್ಜೆಗಳಲ್ಲೇ. ನಿಮ್ಮ ಅಂಕಿಯನ್ನು ಅದರ ಪಕ್ಕ ಇಟ್ಟು ನೋಡಿ.

ಮುಕ್ತ ಅಮೋನಿಯಾ ಅನ್ನುವುದನ್ನು ಗಮನವಿಟ್ಟು ಓದಿ. ಕಿಟ್ ತೋರಿಸುವುದು ಸಾಮಾನ್ಯವಾಗಿ ಒಟ್ಟು ಅಮೋನಿಯಾ. ಅದರಲ್ಲಿ ಮೀನಿಗೆ ವಿಷವಾಗುವ ಭಾಗ ಎಷ್ಟು ಅನ್ನುವುದು ಪಿಎಚ್ ಮೇಲೆ ನಿಂತಿದೆ. 25 ಡಿಗ್ರಿಯಲ್ಲಿ ಪಿಎಚ್ 7 ಇದ್ದರೆ ನೂರಕ್ಕೆ ಒಂದು ಭಾಗವೂ ಇಲ್ಲ. 8 ಆದರೆ ಸುಮಾರು 5 ಭಾಗ. 9 ಆದರೆ ಸುಮಾರು 36 ಭಾಗ. ಒಟ್ಟು 4 ಮಿಲಿಗ್ರಾಂ ಅಮೋನಿಯಾ ಇರುವ ನೀರು ಪಿಎಚ್ 8ರಲ್ಲಿ ಮಿತಿಯೊಳಗೇ ಇರುತ್ತದೆ, ಅದೇ ನೀರು ಪಿಎಚ್ 9ಕ್ಕೆ ಏರಿದರೆ ಮಿತಿ ದಾಟಿತು. ಮಧ್ಯಾಹ್ನ ಪಾಚಿ ಇಂಗಾಲದ ಡೈಆಕ್ಸೈಡ್ ಹೀರಿ ಪಿಎಚ್ ಏರಿಸುತ್ತದೆ. ಹಾಗಾಗಿ ಹಸಿರು ಕೆರೆಯ ಮೀನಿಗೆ ಬೆಳಗಿನ ಜಾವ ಉಸಿರಿಲ್ಲ, ಮಧ್ಯಾಹ್ನ ವಿಷ. ಎರಡೂ ಹೊತ್ತಿನ ಲೆಕ್ಕ ಯಾಕೆ ಬೇಕು ಅಂತ ಈಗ ಗೊತ್ತಾಯಿತಲ್ಲ.

ವರ್ಷಕ್ಕೆ ಕೆಲವು ಸಲವಾದರೂ ಮಾನ್ಯತೆ ಇರುವ ಲ್ಯಾಬ್‌ಗೆ ಒಂದು ಬಾಟಲಿ ಕಳಿಸಿ, ಬಿಒಡಿ ಮತ್ತು ಕೋಲಿಫಾರ್ಮ್ (ಮಲ ಸೇರಿದ್ದರ ಸುಳಿವು ಕೊಡುವ ಬ್ಯಾಕ್ಟೀರಿಯಾ) ಪರೀಕ್ಷೆ ಮಾಡಿಸಿ. ಬಿಒಡಿ ಅಂದರೆ ಕೊಳೆಯುವ ವಸ್ತು ಎಷ್ಟು ಆಮ್ಲಜನಕ ತಿನ್ನುತ್ತದೆ ಅನ್ನುವ ಲೆಕ್ಕ. ನಮ್ಮಲ್ಲಿ ಬಹುತೇಕ 27 ಡಿಗ್ರಿಯಲ್ಲಿ 3 ದಿನ ಇಟ್ಟು ನೋಡುತ್ತಾರೆ. ಬಾಟಲಿ ಐಸ್ ಡಬ್ಬಿಯಲ್ಲಿ, ಕತ್ತಲಲ್ಲಿ, ಅದೇ ದಿನ ಲ್ಯಾಬ್ ಸೇರಬೇಕು. ಕೋಲಿಫಾರ್ಮ್‌ಗೆ ಲ್ಯಾಬ್‌ನವರೇ ಕೊಡುವ ಸ್ಟೆರೈಲ್ ಬಾಟಲಿ ಬಳಸಿ, ಅದನ್ನು ಕೆರೆ ನೀರಲ್ಲಿ ತೊಳೆಯಬೇಡಿ.

ಏನಾದರೂ ಕೆಟ್ಟಾಗ

ಏಪ್ರಿಲ್, ಮೇ ತಿಂಗಳ ಮೊದಲ ಜೋರು ಮಳೆ ಬಂದ ಮಾರನೆ ಬೆಳಿಗ್ಗೆ ಕೆರೆಗೆ ಹೋಗಲೇಬೇಕು. ಬೇಸಿಗೆಯಿಡೀ ಕಾಲುವೆಯಲ್ಲಿ ಕೂತಿದ್ದ ಕೊಳೆಯೆಲ್ಲ ಒಂದೇ ಏಟಿಗೆ ಕೆರೆಗೆ ಬರುತ್ತದೆ, ತಳದ ಹೂಳೂ ಕದಡುತ್ತದೆ. ನೀರು ಕಡಿಮೆ, ಬಿಸಿ ಜಾಸ್ತಿ. ನಮ್ಮ ಕಡೆಯ ಒಂದು ಸಣ್ಣ ಕೆರೆಯಲ್ಲಿ ಇಂಥದೇ ಒಂದು ಬೆಳಿಗ್ಗೆ ದಡದುದ್ದಕ್ಕೂ ಜಿಲೇಬಿ ಮೀನು, ಕಾಟ್ಲಾ ಹೊಟ್ಟೆ ಮೇಲಾಗಿ ಬಿದ್ದಿದ್ದವು. ಮಳೆಯಿಂದ ಆಗಿದ್ದು, ಪ್ರತಿ ವರ್ಷ ಆಗುತ್ತೆ ಅಂತ ಸುಮ್ಮನಾಗುವವರಿದ್ದರು. ಆದರೆ ನೋಟ್‌ಬುಕ್ಕಿನಲ್ಲಿ ಮಾರ್ಚ್‌ನಿಂದಲೇ ಒಂದು ಕಾಲುವೆಯ ಬಾಯಲ್ಲಿ ವಾಹಕತೆ ಏರುತ್ತಿರುವುದು, ಬೆಳಗಿನ ಆಮ್ಲಜನಕ ಇಳಿಯುತ್ತಿರುವುದು ಬರೆದಿತ್ತು. ದೂರಿಗೆ ಆ ಪುಟಗಳ ಜೆರಾಕ್ಸ್ ಹಚ್ಚಿದ ಮೇಲೆ ಅಧಿಕಾರಿಗಳು ಕಾಲುವೆ ಹಿಡಿದು ಮೇಲಕ್ಕೆ ನಡೆದರು. ಒಂದು ವಸತಿ ಸಮುಚ್ಚಯದ ಪೈಪು ಅಲ್ಲಿ ಸಿಕ್ಕಿತು. ಬರೀ ಸತ್ತ ಮೀನಿನ ಫೋಟೋ ಕೊಟ್ಟಿದ್ದರೆ ಮೀನು ಎತ್ತಿ ಸಾಗಿಸಿ ಮುಗಿಸುತ್ತಿದ್ದರು.

ಮೀನು ಸತ್ತಿದ್ದು ಕಂಡರೆ ತಕ್ಷಣ ಮಾಡಬೇಕಾದದ್ದು: ಹೊತ್ತು ಬರೆಯಿರಿ. ಆಮ್ಲಜನಕ, ಪಿಎಚ್, ಅಮೋನಿಯಾ ಅಲ್ಲೇ ಅಳೆಯಿರಿ, ಮಧ್ಯಾಹ್ನ ಆದರೆ ಸಾಕ್ಷಿ ಹೋಯಿತು. ಸ್ಥಳ, ಸಮಯ ಬರುವ ಹಾಗೆ ಫೋಟೋ ತೆಗೆಯಿರಿ. ಯಾವ ಜಾತಿ, ದೊಡ್ಡವೋ ಸಣ್ಣವೋ ಬರೆಯಿರಿ. ಆಮ್ಲಜನಕ ಕಡಿಮೆಯಾದರೆ ಸಾಮಾನ್ಯವಾಗಿ ದೊಡ್ಡ ಮೀನು ಮೊದಲು ಹೋಗುತ್ತವೆ. ಎಲ್ಲ ಗಾತ್ರದವೂ ಒಟ್ಟಿಗೆ ಸತ್ತಿದ್ದರೆ ವಿಷದ ಬಗ್ಗೆಯೂ ಯೋಚಿಸಬೇಕು. ಆ ಮೀನನ್ನು ಯಾರೂ ತಿನ್ನಲು ಒಯ್ಯದ ಹಾಗೆ ನೋಡಿಕೊಳ್ಳಿ.

ಕಾನೂನಿನ ಒಂದು ಮಾತು ತಿಳಿದಿರಲಿ. 1974ರ ಜಲ ಮಾಲಿನ್ಯ ಕಾಯ್ದೆಯ 21ನೇ ಕಲಮಿನ ಪ್ರಕಾರ, ಕಾರ್ಖಾನೆಯೋ ಕಟ್ಟಡವೋ ಬಿಡುವ ನೀರಿನ ಪರೀಕ್ಷೆ ಆ ಕಾಯ್ದೆಯಡಿ ಕೋರ್ಟಿನಲ್ಲಿ ಸಾಕ್ಷಿಯಾಗಿ ನಿಲ್ಲಬೇಕಾದರೆ ಮಾಲಿನ್ಯ ನಿಯಂತ್ರಣ ಮಂಡಳಿಯವರೇ ಕ್ರಮಪ್ರಕಾರ ಸ್ಯಾಂಪಲ್ ತೆಗೆದಿರಬೇಕು. ನಾವು ತೆಗೆದ ಬಾಟಲಿ ಅಲ್ಲಿ ನಡೆಯುವುದಿಲ್ಲ. ಹಾಗಂತ ನಮ್ಮ ಲೆಕ್ಕ ವ್ಯರ್ಥ ಅಲ್ಲ. ಎಲ್ಲಿ, ಯಾವ ಹೊತ್ತಿಗೆ ಬಂದು ತೆಗೆಯಬೇಕು ಅಂತ ಮಂಡಳಿಗೆ ತೋರಿಸುವುದು ನಮ್ಮ ಲೆಕ್ಕವೇ. ದೂರಿನಲ್ಲಿ ಇದನ್ನೇ ಕೇಳಿ: "ಇಂಥ ಜಾಗದಲ್ಲಿ, ಬೆಳಿಗ್ಗೆ ಇಷ್ಟು ಗಂಟೆಗೆ ನೀವು ಸ್ಯಾಂಪಲ್ ತೆಗೆಯಬೇಕು." ಕೆರೆ ಹಾಳಾಗಿದೆ, ಕ್ರಮ ಕೈಗೊಳ್ಳಿ ಅಂತ ಬರೆದರೆ ಯಾರು ಏನು ಮಾಡಬೇಕು ಅಂತ ಗೊತ್ತಾಗುವುದಿಲ್ಲ. ಮ್ಯಾನ್‌ಹೋಲ್ ಉಕ್ಕುತ್ತಿದ್ದರೆ ಬೆಂಗಳೂರು ಜಲಮಂಡಳಿಯ 1916ಕ್ಕೆ ಫೋನ್ ಮಾಡಿ, ದೂರಿನ ನಂಬರನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಿ. ಪತ್ರಕ್ಕೆ ಸ್ವೀಕೃತಿ ಸೀಲು ಹಾಕಿಸಿಕೊಳ್ಳದೆ ಕಚೇರಿಯಿಂದ ಹೊರಡಬೇಡಿ.

ಅಳೆಯುವುದರ ಜೊತೆಗೆ ಮಾಡಬೇಕಾದದ್ದು

ಅಂತರಗಂಗೆಯನ್ನು ಸಣ್ಣದಿರುವಾಗಲೇ ಎಳೆದು ಹಾಕಿ. ಒಳ್ಳೆ ಗೊಬ್ಬರದ ನೀರಿನಲ್ಲಿ ಅದು ಎರಡು ವಾರದೊಳಗೆ ಎರಡರಷ್ಟಾಗುತ್ತದೆ. ಎಳೆದದ್ದನ್ನು ದಡದಲ್ಲೇ ರಾಶಿ ಹಾಕಿದರೆ ಕೊಳೆತು ಅದರ ಸಾರವೆಲ್ಲ ವಾಪಸ್ ಕೆರೆಗೇ. ದೂರ ಸಾಗಿಸಿ ಗೊಬ್ಬರ ಮಾಡಿ. ಜೌಗಿನ ಜೊಂಡಿಗೂ ಇದೇ ಮಾತು. ಕಾಲಕಾಲಕ್ಕೆ ಕೊಯ್ದು ಹೊರಗೆ ಸಾಗಿಸದಿದ್ದರೆ, ಅದು ಹೀರಿದ್ದನ್ನು ಒಣಗಿ ಬಿದ್ದಾಗ ಮತ್ತೆ ನೀರಿಗೇ ಬಿಡುತ್ತದೆ. ಆದರೆ ಒಂದೇ ಸಲ ಎಲ್ಲ ಬೋಳಿಸಬೇಡಿ, ಹಕ್ಕಿ ಗೂಡು ಕಟ್ಟಿರುವ ಕಾಲದಲ್ಲಂತೂ ಬೇಡ. ಪಟ್ಟೆ ಪಟ್ಟೆಯಾಗಿ ಕೊಯ್ಯಿರಿ.

ಸುತ್ತ ಸ್ವಚ್ಛವಾಗಿ ಕಾಣಬೇಕು ಅಂತ ದಡವನ್ನೆಲ್ಲ ಕಲ್ಲು ಕಟ್ಟಿ, ನೇರ ಆಳ ಮಾಡಿಬಿಡುವ ಕೆಲಸ ಹಲವು ಕಡೆ ನಡೆದಿದೆ. ಇದಕ್ಕೆ ನನ್ನ ವಿರೋಧವಿದೆ. ಮೊಣಕಾಲುದ್ದ ನೀರಿನ ಇಳಿಜಾರು ಇಲ್ಲದಿದ್ದರೆ ಕೊಕ್ಕರೆ ಎಲ್ಲಿ ನಿಲ್ಲಬೇಕು, ಕಪ್ಪೆ ಎಲ್ಲಿ ಮೊಟ್ಟೆ ಇಡಬೇಕು? ಕಾಮಗಾರಿಯ ನಕ್ಷೆ ಬಂದಾಗಲೇ ಕೇಳಿ ನೋಡಿ, ಆಕ್ಷೇಪಣೆ ಬರೆದು ಕೊಡಿ. ಗೋಡೆ ಎದ್ದ ಮೇಲೆ ಮಾತಾಡಿ ಉಪಯೋಗವಿಲ್ಲ.

ಬ್ರೆಡ್ಡು, ಮಂಡಕ್ಕಿ, ಪೂಜೆಯ ಹೂವು ನೀರಿಗೆ ಹಾಕುವವರಿಗೆ ಜಗಳ ಮಾಡದೆ ಹೇಳಬೇಕು. ನಾನು ವಿಂಕ್ಲರ್ ಬಾಟಲಿ ತೋರಿಸಿಯೇ ಹೇಳುವುದು. "ಅಜ್ಜಿ, ಈ ಹೂವು ಕೊಳೆಯೋಕೆ ಮೀನಿನ ಉಸಿರು ಖರ್ಚಾಗುತ್ತೆ" ಅಂದರೆ ಬಹಳ ಜನ ಕೇಳುತ್ತಾರೆ. ಹೂವು ಹಾಕಲು ಏರಿ ಮೇಲೆ ಒಂದು ಬುಟ್ಟಿ ಇಟ್ಟು ನೋಡಿ. ಗಣೇಶನ ಹಬ್ಬದ ಹಿಂದಿನ ದಿನ ಒಮ್ಮೆ, ವಿಸರ್ಜನೆ ಮುಗಿದ ಮೇಲೆ ಒಮ್ಮೆ ಕಲ್ಯಾಣಿಯ ಹತ್ತಿರ ಅಳೆದು, ಎರಡೂ ಅಂಕಿಯನ್ನು ಅಲ್ಲೇ ಬೋರ್ಡಿನ ಮೇಲೆ ಬರೆಯಿರಿ.

ನೋಟ್‌ಬುಕ್ ಒಬ್ಬರ ಮನೆಯಲ್ಲೇ ಇರಬಾರದು. ಪ್ರತಿ ಸಲ ಪುಟದ ಫೋಟೋ ತೆಗೆದು ಗುಂಪಿಗೆ ಹಾಕಿ, ಕಂಪ್ಯೂಟರಿನಲ್ಲೂ ತುಂಬಿ. ಕೆಟ್ಟ ಅಂಕಿ ಬಂದಾಗ ಮಾತ್ರವಲ್ಲ, ಒಳ್ಳೆಯದು ಬಂದಾಗಲೂ ಇಲಾಖೆಗೆ ಕಳಿಸಿ. ಆಗ ದೂರು ಬರೆದ ದಿನ ನಿಮ್ಮ ಮಾತಿಗೆ ತೂಕ ಇರುತ್ತದೆ. ಗುಂಪು ಕಟ್ಟುವುದನ್ನು ಜನವರಿಯಲ್ಲಿ ಶುರು ಮಾಡಿ. ಫೆಬ್ರವರಿಯಲ್ಲಿ ಕೆರೆ ಸುತ್ತಿ ನಕ್ಷೆ, ಮಾರ್ಚ್‌ನಿಂದ ಅಳತೆ. ಬೇಸಿಗೆಯ ಮೊದಲ ಮಳೆ ಬೀಳುವ ಹೊತ್ತಿಗೆ, ಮಳೆಗೆ ಮುಂಚೆ ಕೆರೆ ಹೇಗಿತ್ತು ಅಂತ ತೋರಿಸಲು ನಿಮ್ಮ ಹತ್ತಿರ ಬರೆದ ಪುಟಗಳಿರುತ್ತವೆ.